ಮೂಲೆ ತಿರುಗಿಸುವ ಲೆಕ್ಕ

೧೨ ಜನವರಿ ೧೯೮೭, ಸೋಮವಾರ
ಎರಡನೇ ಪೀರಿಯಡ್‌ನಲ್ಲಿ ಮತ್ತೆ ಕರೆಂಟ್ ಹೋಯಿತು. ಶಾಲೆಯ ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಮ್ ಸೇವ್ ಮಾಡಿರಲಿಲ್ಲ. ಬಂದ ಮೇಲೆ ಎಲ್ಲ ಹೊಸದಾಗಿ ಟೈಪ್ ಮಾಡಿ ಓಡಿಸಿದೆ. ಅಮ್ಮಿ ನೇಯುವ ಜಮಖಾನೆ ಹಾಗೇ ಸ್ಕ್ರೀನ್ ಮೇಲೆ ಬಂತು — ಅಂಚು, ಬಣ್ಣ, ನವಿಲು. ಸ್ಟಾಫ್‌ನವರೆಲ್ಲ ಭೇಷ್ ಅಂದರು. ಜಮಖಾನೆಯ ಅಗಲ ಬದಲಿಸಿದೆ. ಮೂಲೆಯಲ್ಲಿ ನವಿಲಿನ ಕುತ್ತಿಗೆಯೇ ಇಲ್ಲ.

ಅಮ್ಮಿ ಯಾವ ಅಗಲಕ್ಕೂ ಇಡೀ ನವಿಲನ್ನೇ ಕೂಡಿಸುತ್ತಾಳೆ. ಅವಳ ಹೆಸರು ಹಿಡಿದು ಮೈಮುನಬಿಯ ಮೂಲೆ ಅಂದರೆ ನವಲಗುಂದಕ್ಕೆಲ್ಲ ಗೊತ್ತು. ಕಾಗದ ಇಲ್ಲ, ಪೆನ್ಸಿಲ್ ಇಲ್ಲ. ಆ ಲೆಕ್ಕ ನಮ್ಮ ಮನೆಯಲ್ಲಿ ಅತ್ತೆಯಿಂದ ಸೊಸೆಗೆ, ಬಾಯಿಂದ ಬಾಯಿಗೆ. ಮಗಳಿಗಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಗಂಡನ ಮನೆ ಬಿಟ್ಟು ಬಂದು ಇಲ್ಲೇ ಮಾಸ್ತರಿಕೆ ಮಾಡುತ್ತ ಆರು ವರ್ಷವಾಯಿತು. ಇನ್ನು ಯಾರ ಮನೆಗೆ ಒಯ್ಯಲಿ ಅದನ್ನು?

೧೯ ಜನವರಿ
ಧಾರವಾಡದಿಂದ ಮಡಿವಾಳೆಪ್ಪ ಸರ್ ಬಂದಿದ್ದರು. ಶಾಲೆ ಶಾಲೆಗೆ ಹೋಗಿ ನಮ್ಮಂಥವರಿಗೆ ಕಂಪ್ಯೂಟರ್ ಕಲಿಸುವವರು. ಪ್ರೋಗ್ರಾಮ್ ನೋಡಿ ಮೊದಲು ಖುಷಿ, ಆಮೇಲೆ ಬೈಗುಳ. ಲೆಕ್ಕದೊಳಗೆ ಚಿತ್ರ, ಚಿತ್ರದೊಳಗೆ ಲೆಕ್ಕ, ಎಲ್ಲ ಗೋಜಲು. ಎರಡನ್ನೂ ಬೇರೆ ಮಾಡಬೇಕಂತೆ — ಲೆಕ್ಕ ತಿರುಳು, ಚಿತ್ರ ಬರೀ ಮುಖ. ಕುಂದಗೋಳದ ಶಾಲೆಯಲ್ಲಿ ಸ್ಕ್ರೀನಿಗೆ ಕಲರ್ ಟಿ.ವಿ. ಇಲ್ಲ, ಅಣ್ಣಿಗೇರಿಯಲ್ಲಿ ಮಶೀನೇ ಬೇರೆ. ಮುಖವನ್ನು ಅವರವರೇ ಬರೆದುಕೊಳ್ಳಲಿ, ತಿರುಳು ಎಲ್ಲರಿಗೂ ಒಂದೇ ಇರಲಿ. ಒಂದು ಸಾಲೂ ಮುಚ್ಚಿಡಬಾರದು. ಯಾರು ಬೇಕಾದರೂ ಓದಬೇಕು, ತಿದ್ದಬೇಕು, ಮುಂದಿನವರಿಗೆ ಕೊಡಬೇಕು.

ಮಾತು ಕೊಟ್ಟೆ. ನನ್ನ ಹತ್ತಿರ ತಿರುಳೇ ಇಲ್ಲ ಅನ್ನಲು ನಾಚಿಕೆಯಾಯಿತು.

೩ ಫೆಬ್ರುವರಿ
ಮುಖ ಬೇರೆಯಾಯಿತು. ಚೆನ್ನಾಗಿದೆ. ತಿರುಳಿಗಾಗಿ ಹಳೆಯ ಜಮಖಾನೆ ಹಾಸಿ ಎಳೆ ಎಣಿಸಿದೆ. ಆ ಅಗಲಕ್ಕೆ ಸರಿ. ಬೇರೆ ಅಗಲಕ್ಕೆ ಮತ್ತೆ ಅರ್ಧ ನವಿಲು. ನೇಯ್ದು ಮುಗಿದದ್ದು ಉತ್ತರ ಹೇಳುತ್ತದೆ, ರೀತಿ ಹೇಳುವುದಿಲ್ಲ. ತಲೆ ಚಿಟ್ಟು ಹಿಡಿಯಿತು.

ಅತ್ತಿಗೆ ಖಾಸಿಂಬಿಯನ್ನು ಅಮ್ಮಿ ಎಷ್ಟೋ ಸಲ ಮಗ್ಗದ ಮುಂದೆ ಕೂರಿಸಿ ನೋಡಿದಳು. ಹೊಲಿಗೆ ಮಶೀನ್ ಸಾಕು ಅಂತ ಅವಳು ಅಣ್ಣನನ್ನೂ ಕರೆದುಕೊಂಡು ಹುಬ್ಬಳ್ಳಿ ಸೇರಿದಳು. ಬೇರೆ ಸೊಸೆ ಇಲ್ಲ. ಅಮ್ಮಿಗೆ ಬಿ.ಪಿ. ಏರುತ್ತಲೇ ಇದೆ, ಗುಳಿಗೆ ನುಂಗುವುದಿಲ್ಲ. ಅಮ್ಮಿಯ ಜೊತೆಗೇ ಆ ಲೆಕ್ಕವೂ ಹೋಗುತ್ತದೆ. ಹೆದರಿಕೆಯಾಗುತ್ತದೆ.

೨೨ ಫೆಬ್ರುವರಿ, ರವಿವಾರ, ಮಧ್ಯಾಹ್ನ
ಮೂಲೆಯ ಲೆಕ್ಕ ಹೇಳು ಅಂತ ಅಮ್ಮಿಯನ್ನು ಕೇಳಿಯೇ ಬಿಟ್ಟೆ. ಮನೆಯಲ್ಲಿ ನಮ್ಮದು ಉರ್ದು. ಖಡಕ್ಕಾಗಿ ಹೇಳುವುದಿದ್ದರೆ ಅಮ್ಮಿಗೆ ಕನ್ನಡವೇ ಬೇಕು.

"ಹೇಳತೇನಿ," ಅಂದಳು. "ನಿನ್ನ ಹತ್ರನ ಇಟ್ಕೋತಿ ಏನ?"

ಹೇಳುತ್ತೇನೆ ಅಂದದ್ದು ಇಷ್ಟು ವರ್ಷಕ್ಕೆ ಮೊದಲ ಸಲ. ಹೂಂ ಅನ್ನಲಿಲ್ಲ. ಸರ್‌ಗೆ ಮಾತು ಕೊಟ್ಟದ್ದು ಹೇಳಿದೆ. ಎಲ್ಲರಿಗೂ ಕೊಡುತ್ತೇನೆ, ಕೊಟ್ಟರೇ ಉಳಿಯುವುದು ಅಂದೆ. ದೊಡ್ಡ ಲೆಕ್ಚರ್ ಬೇರೆ...

"ಮನಿ ಹೊರಗ ಬಿಡಂಗಿಲ್ಲಂತ ನಮ್ಮತ್ತೆಯವರಿಗೆ ನಾನೂ ಮಾತು ಕೊಟ್ಟೇನಿ, ರಾಜಮಾ. ನಿಂದಷ್ಟ ಮಾತು, ನಂದು ಮಾತಲ್ಲೇನ?"

ಮಗ್ಗದ ಕಡೆ ತಿರುಗಿದಳು. ನನಗೆ ಕೈ ಕಾಣದ ಹಾಗೆ ಕೂತಳು. ಸಿಟ್ಟು ಬಂತು. ಅವಳು ಹೇಳಿದ್ದೂ ನ್ಯಾಯವೇ ಅಂತ ಇನ್ನೂ ಸಿಟ್ಟು.

೧೧ ಮಾರ್ಚ್
ಸೋಮವಾರ ಅಮ್ಮಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಗಿದೆ. ಮಾತಿಲ್ಲ. ಮನೆಗೆ ಒಯ್ಯಿರಿ ಅಂದರು ಡಾಕ್ಟರು.

ಎಡಗೈ ಮಾತ್ರ ಚಾದರದ ಮೇಲೆ ಆಡುತ್ತಿತ್ತು. ಬೆರಳು ಎಳೆ ಎತ್ತುತ್ತಿದ್ದವು, ಬಿಡುತ್ತಿದ್ದವು. ಎರಡು ಬಿಟ್ಟು ಒಂದು, ಆಮೇಲೆ... ಎಣಿಸುತ್ತ ನೋಡಿದೆ. ಅಮ್ಮಿ ಕಣ್ಣು ತೆರೆದು ನನ್ನನ್ನು ನೋಡಿದಳು. ಕೈಯನ್ನು ಚಾದರದೊಳಗೆ ಎಳೆದುಕೊಂಡಳು.

೧೪ ಮಾರ್ಚ್
ಅಮ್ಮಿ ಇಲ್ಲ. ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿ ಬಂದರು.

೨೦ ಏಪ್ರಿಲ್, ಸಂಜೆ
ಮಡಿವಾಳೆಪ್ಪ ಸರ್ ಬಂದರು. ಸುದ್ದಿ ಕೇಳಿದ ಮೇಲೆ ಕೆಲಸದ ಮಾತು ತೆಗೆದರು. ಕುಂದಗೋಳದವರು ಮುಖ ಬರೆದು ಮುಗಿಸಿದ್ದಾರಂತೆ. ಅಣ್ಣಿಗೇರಿಯವರದು ನಮ್ಮದಕ್ಕಿಂತ ಚೆಂದವಂತೆ. ಎಲ್ಲರೂ ತಿರುಳಿಗೆ ಕಾದಿದ್ದಾರೆ. ಹೇಳಿದೆ — ಅದು ಅಮ್ಮಿಯ ಸಂಗಡ ಹೋಯಿತು, ನನ್ನ ಹತ್ತಿರ ಯಾವತ್ತೂ ಇರಲಿಲ್ಲ.

"ಒಂದ ಅಗಲದ್ದು ಐತೆಲ್ಲ, ಅದನ್ನ ಕೊಡ್ರಿ," ಅಂದರು. "ಏನೂ ಇಲ್ಲದಕಿಂತ ಚಲೋ ಅಲ್ರಿ."

ಕೊಡಲಿಲ್ಲ. ಕೊಟ್ಟರೆ ಅದೇ ಮೈಮುನಬಿಯ ಲೆಕ್ಕ ಅಂತ ಊರೂರಲ್ಲಿ ಅರ್ಧ ನವಿಲು. ಸರ್ ಬೇಜಾರಾಗಿ ಬಸ್ಸಿಗೆ ಹೋದರು. ಆಮೇಲೆ ಹೊಳೆಯಿತು, ಮುಚ್ಚಿಟ್ಟುಕೊಂಡವಳು ಈಗ ನಾನೂ.

ಒಂದು ಹೂಂ ಸಾಕಿತ್ತು. ಲೆಕ್ಕ ಸಿಕ್ಕ ಮೇಲೆ ಯಾರಿಗೆ ಕೊಟ್ಟ ಮಾತು ಉಳಿಸುತ್ತಿದ್ದೆ, ಸರ್‌ಗೋ ಅಮ್ಮಿಗೋ, ಅದು ಆಮೇಲಿನದು. ನಿಜ ಹೇಳಿ ಏನು ಗಳಿಸಿದೆ? ಈಗ ಅನ್ನುತ್ತೇನೆ ಅಮ್ಮಿ, ಹೂಂ. ಯಾರಿಗೂ ಕೊಡುವುದಿಲ್ಲ. ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಒಮ್ಮೆ ಹೇಳು — ಮೂಲೆಗೆ ಬಂದಾಗ, ಮೊದಲನೇ ಎಳೆ...