ಎಡಗಿವಿ ಮಡಿಚಿದ ಯಾಳಿ

ಅರಕಲಗೂಡು
೨೨-೩-೧೯೪೩, ಸೋಮವಾರ

ಚಿರಂಜೀವಿ ಷಡಕ್ಷರಿಗೆ ನಿಮ್ಮಪ್ಪ ನಂಜಯ್ಯನ ಆಶೀರ್ವಾದ.

ಹೇಗಿದ್ದೀಯ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ, ಥಂಡಿ ಬಂದರೆ ಹಿಡಿದುಕೊಳ್ಳುತ್ತಿದ್ದ ಆ ಕೆಮ್ಮು ಮದ್ರಾಸಿನ ಸೆಕೆಗಾದರೂ ಬಿಟ್ಟಿತೋ ಇಲ್ಲವೋ, ಇದನ್ನೆಲ್ಲ ಮೊದಲು ಕೇಳಿ ಅಂತ ನಿಮ್ಮಮ್ಮ ಎದುರಿಗೇ ಕೂತಿದ್ದಾಳೆ. ಕೇಳಿದ್ದೇನೆ. ಇಲ್ಲಿ ನಾವು ಕ್ಷೇಮ. ಸೀಮೆಎಣ್ಣೆ ಸಿಗುವುದಿಲ್ಲ, ಸಿಕ್ಕ ಅಕ್ಕಿಯಲ್ಲಿ ಅರ್ಧ ಕಲ್ಲು, ಅದು ಬಿಟ್ಟರೆ ಕ್ಷೇಮ. ನಿನ್ನ ತಂಗಿ ನೀಲಾಂಬಿಕೆ ಹೊಳೆನರಸೀಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಗಂಡುಮಗು ಹುಟ್ಟಿ ಎಂಟು ತಿಂಗಳಾಯಿತು. ಸೋದರಮಾವನಾದದ್ದು ನಿನಗೆ ಗೊತ್ತೇ ಇಲ್ಲ. ಮೂರು ವರ್ಷದಿಂದ ಒಂದು ಕಾರ್ಡು ಹಾಕದ ನಿನ್ನ ವಿಳಾಸ ಇವರಿಗೆ ಯಾರು ಕೊಟ್ಟರು ಅಂತ ಯೋಚಿಸುತ್ತಿದ್ದೀಯಲ್ಲ? ಟಾಕಿ ಟೆಂಟಿನಲ್ಲಿ ಸಿಕ್ಕಿತು. ಥೂ, ಬರೆಯುವುದಕ್ಕೇ ಕೈ ಹೇಸುತ್ತದೆ. ಆದರೂ ಮೊದಲಿನಿಂದ ಹೇಳುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ಚನ್ನರಾಯಪಟ್ಟಣದ ಜವಳಿ ಅಂಗಡಿಯ ಚಂದ್ರನಾಥಯ್ಯನವರು ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸಿನ ಮಸಿಯನ್ನೆಲ್ಲ ಬಿಳಿ ಅಂಗಿಗೆ ಮೆತ್ತಿಕೊಂಡು ನಮ್ಮ ಮನೆಗೆ ಬಂದರು. ಹಾಸನದಲ್ಲಿ ಮನೆಮಂದಿಯೆಲ್ಲ ಕೂತು ಒಂದು ಟಾಕಿ ನೋಡಿದ್ದರಂತೆ. ಅದರಲ್ಲಿ ರಾಜಕುಮಾರಿಯೊಬ್ಬಳು ಹಂಸದ ದೋಣಿಯಲ್ಲಿ ಕೂತು ವೀಣೆ ನುಡಿಸುತ್ತಾಳೆ. ಆ ವೀಣೆಗೆ ಜನ ಹುಚ್ಚೆದ್ದು ಹೋಗಿದ್ದಾರೆ, ಕ್ಯಾಲೆಂಡರಿನಲ್ಲೂ ಅದೇ, ಬಳೆ ಅಂಗಡಿಯ ಬೋರ್ಡಿನ ಮೇಲೂ ಅದೇ. ಅವರ ಮಗಳು ಅನಂತಮತಿಗೆ ಮದುವೆ ಗೊತ್ತಾಗಿತ್ತು. ಮದುವೆಯಲ್ಲಿ ಅಂಥದ್ದೇ ವೀಣೆ ಹಿಡಿದು ಫೋಟೋ ತೆಗೆಸಿಕೊಳ್ಳಬೇಕು ಅಂತ ಆ ಹುಡುಗಿಯ ಆಸೆ. ನಾನು ಏಳು ವರ್ಷ ಒಣಗಿಸಿದ ಹಲಸಿನ ತೊಲೆ ತೋರಿಸಿ, ಇದರಲ್ಲಿ ಮಾಡಿದರೆ ನಾದ ಎರಡು ಬೀದಿ ದಾಟುತ್ತದೆ ಅಂದೆ. ಅವರು ಅಂದದ್ದು ಇಷ್ಟು: "ನಾದ ಯಾರಿಗ್ ಬೇಕು ನಂಜಯ್ಯ? ಮಗೀಗೆ ನುಡ್ಸಾಕೇ ಬರಾಕಿಲ್ಲ. ನೋಡ್ದೋರು ಆ ವೀಣೇನೇ ಎತ್ಕಂಡ್ ಬಂದ್ಬುಟ್ಟವ್ರೆ ಅನ್ಬೇಕು, ಅಂಗ್ ಮಾಡ್ಕೊಡಿ." ನಲವತ್ತು ವರ್ಷ ರುದ್ರಪಟ್ಟಣದ ವಿದ್ವಾಂಸರಿಗೆ ವೀಣೆ ಮಾಡಿಕೊಟ್ಟ ಕೈ ಇದು. ಆದರೂ ಒಪ್ಪಿಕೊಂಡೆ. ಊರಲ್ಲಿ ಕಂಡಕಂಡವರೆಲ್ಲ ಯಾಕೆ ಒಪ್ಪಿದೆ ಅಂತ ಕೇಳಿದರು. ಯುದ್ಧದ ದೆಸೆಯಿಂದ ವೀಣೆಯಲ್ಲಿ ಬೆರಳು ಒತ್ತುವ ಮೆಟ್ಟಿಲಿಗೆ ಹಾಕುವ ಹಿತ್ತಾಳೆ ಸಿಗುತ್ತಿಲ್ಲ, ಸುಮ್ಮನೆ ಕೂರುವುದು ಹೇಗೆ ಅಂತ ಹೇಳಿ ಬಾಯಿ ಮುಚ್ಚಿಸಿದೆ.

ಅಷ್ಟರಲ್ಲಿ ಆ ಟಾಕಿಯ ಟೆಂಟು ನಮ್ಮೂರಿಗೇ ಬಂತು. ಅಳತೆಗೆ ಅಂತ ದಾರ, ಕಡ್ಡಿ ಹಿಡಿದುಕೊಂಡು ಹೋದೆ. ಎಂಥ ಕೊಳಕು ಅಂತೀಯ! ಕೂರುವ ಮರಳಿನಲ್ಲೇ ಎಲೆಅಡಿಕೆ ಉಗಿಯುತ್ತಾರೆ, ಬೀಡಿ ಹೊಗೆಗೆ ಕಣ್ಣು ಬಿಡುವ ಹಾಗಿಲ್ಲ, ಹಿಂದಿನವನ ಕಾಲು ನಮ್ಮ ಬೆನ್ನಿಗೆ. ಆ ಕರಿ ಪೆಟ್ಟಿಗೆಯಿಂದ ಬರುವ ಸದ್ದೋ, ಬಾವಿಯೊಳಗೆ ಯಾರೋ ಕೂತು ಗೊಣಗಿದ ಹಾಗೆ. ಹಾಡು ಅಮೃತ ಅಂತ ಪಕ್ಕದವನು ತಲೆದೂಗುತ್ತಿದ್ದ, ನನಗೆ ಒಂದು ಸ್ವರವೂ ಹತ್ತಲಿಲ್ಲ. ಈಗಿನವರು ಬಾಯಿ ಬಿಟ್ಟು ಹಾಡುವುದನ್ನೇ ಮರೆತಿದ್ದಾರೆ. ದೋಣಿ ಬಂದಾಗ ಎದ್ದು ಪರದೆಯ ಹತ್ತಿರ ಹೋಗಿ ಅವಳ ಮೊಳಕೈಗೂ ವೀಣೆಯ ದಂಡಿಗೂ ದಾರ ಹಿಡಿದೆ. ಹಿಂದಿನಿಂದ ಯಾವನೋ ಭುಜ ಹಿಡಿದು ಎಳೆದು, "ಲೇ ಮುದ್ಯಾ, ಕೂತ್ಕಳ್ಳಾ, ಅವಳ ಸೊಂಟ ಅಳೀಬ್ಯಾಡ!" ಅಂತ ಕಿವಿಯ ಹತ್ತಿರವೇ ಕಿರುಚಿದ. ಟೆಂಟೆಲ್ಲ ನಕ್ಕಿತು. ಅರವತ್ತೆರಡನೆಯ ವಯಸ್ಸಿನಲ್ಲಿ ಈ ಮರ್ಯಾದೆ ಬಾಕಿ ಇತ್ತು ನನಗೆ.

ಆ ವೀಣೆಯನ್ನು ಏನಂತ ಹೇಳಲಿ. ಮೇಲಕ್ಕೆ ಹೋದ ಹಾಗೆ ಮೆಟ್ಟಿಲು ಹತ್ತಿರ ಹತ್ತಿರ ಬರಬೇಕು ಅನ್ನುವುದು ವೀಣೆ ಮಾಡುವವರ ಮನೆಯ ಬೆಕ್ಕಿಗೂ ಗೊತ್ತು. ಅಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲೂ ಏಣಿಯ ಹಾಗೆ ಸಮಸಮ! ತಂತಿಯ ಬದಲು ಬಿಳೀ ದಾರ! ಅವಳು ಬೆರಳಾಡಿಸಿದರೆ ದಾರ ಅಲ್ಲಾಡುವುದೂ ಇಲ್ಲ. ಇದನ್ನು ಮಾಡಿದವನು ಯಾವ ಕಟುಕ ಅಂತ ಅಲ್ಲೇ ಕೂತು ಬೈದೆ. ಅಳತೆಗೆ ಮತ್ತೆ ಹೋದ ಮೂರನೆಯ ದಿನ, ಅವಳು ವೀಣೆಯ ತುದಿಗೆ ಕೆನ್ನೆ ಆನಿಸುವಾಗ, ಅಲ್ಲಿ ಕೆತ್ತಿದ ಯಾಳಿಯ ಸಿಂಹಮುಖ ಪರದೆಯ ತುಂಬ ಬಂತು. ಎಡಗಿವಿ ಒಳಕ್ಕೆ ಮಡಿಚಿತ್ತು. ನಿನ್ನ ಮುತ್ತಾತ ಮೊದಲ ಯಾಳಿ ಕೆತ್ತುವಾಗ ಉಳಿ ಜಾರಿ ಕಿವಿ ಮುರಿಯಿತು, ಮುರಿದದ್ದನ್ನು ಮಡಿಚಿದ ಹಾಗೆ ತಿದ್ದಿದರು, ಅವತ್ತಿನಿಂದ ನಮ್ಮ ಮನೆಯ ಯಾಳಿಗೆ ಮಾತ್ರ ಹಾಗೆ. ಮೈಸೂರು ಸೀಮೆಯಲ್ಲಿ ಇನ್ನೊಬ್ಬ ಹಾಗೆ ಕೆತ್ತುವುದಿಲ್ಲ. ಕಟುಕ ನೀನೇ ಅಂತ ಆಗ ತಿಳಿಯಿತು. ಟೆಂಟಿನ ಮ್ಯಾನೇಜರು ಪುಟ್ಟರಾಜುವನ್ನು ಹಿಡಿದು ಟಾಕಿ ಮಾಡಿದ ಮದ್ರಾಸಿನ ಕಂಪನಿಯ ವಿಳಾಸ ಬರೆಸಿಕೊಂಡೆ. ಯಾಳಿಯ ಹಲ್ಲುಗಳನ್ನು ಮಾತ್ರ ಚೆನ್ನಾಗಿ ಬಿಡಿಸಿದ್ದೀಯ. ಅದು ಇರಲಿ.

ನಿಮ್ಮಮ್ಮನಿಗೆ ಹೇಳಿ ತಪ್ಪು ಮಾಡಿದೆ. ಟೆಂಟಿನ ಕಡೆ ತಲೆ ಹಾಕದ ಸುವರ್ಣಮ್ಮ ದಿನಾ ಹೊರಟಳು. ಕುಣಿತ ಬಂದರೆ ಸೆರಗು ಮುಖಕ್ಕೆ ಹಾಕಿಕೊಂಡು ಕೂರುತ್ತಾಳೆ, ದೋಣಿ ಬಂದರೆ ಸೆರಗು ತೆಗೆಯುತ್ತಾಳೆ, ಅದು ಮುಗಿದ ಕೂಡಲೇ ಎದ್ದು ಮನೆಗೆ. "ಮಗೀನೇ ನೋಡ್ದಂಗಾಯ್ತು ಕಣ್ರೀ" ಅಂತಾಳೆ. ದಾರ ಕಟ್ಟಿದ ವೀಣೆ ನೋಡಿ ಕಣ್ಣೀರು ಹಾಕುವ ಗತಿ ಬಂತಲ್ಲ ಅವಳಿಗೆ, ಅದಕ್ಕೆ ನನಗೆ ನಿನ್ನ ಮೇಲೆ ಉರಿಯುತ್ತದೆ.

ಇನ್ನು ನಾನು ಮಾಡಿದ್ದು ಕೇಳು. ರಾಜಕುಮಾರಿ ಒಂದೇ ಕೈಯಲ್ಲಿ ಎತ್ತುತ್ತಾಳೆ, ಅದರಿಂದ ಇವರದ್ದೂ ಹಗುರವಾಗಿರಬೇಕಂತೆ. ಅದಕ್ಕೆ ನಾದ ಹೊಮ್ಮುವ ಬುರುಡೆಯನ್ನು ಮರದ ಬದಲು ಹಳೇ ಪೇಪರು, ಹುಣಸೆಬೀಜದ ಅಂಟುಸರಿ ಹಾಕಿ ಮೆತ್ತಿದೆ. ಎರಡು ದಿನಕ್ಕೆ ಆ ಸರಿ ಹುಳಿತು ನಾರಿ, ಊಟಕ್ಕೆ ಕೂತರೆ ಕೈಯ ವಾಸನೆಗೆ ವಾಕರಿಕೆ ಬರುತ್ತಿತ್ತು. ಒಂದು ರಾತ್ರಿ ಇಲಿ ಬಂದು ಬುರುಡೆ ತಿಂದು ಹೋಯಿತು, ಮತ್ತೆ ಮೆತ್ತಿದೆ. ಒಂದು ಸಲ ಮನಸ್ಸು ತಡೆಯದೆ ಮೆಟ್ಟಿಲನ್ನಾದರೂ ಸರಿಯಾದ ಅಂತರದಲ್ಲಿ ಗುರುತು ಹಾಕಿದೆ. ನೋಡಲು ಬಂದ ಚಂದ್ರನಾಥಯ್ಯನವರು ಕ್ಯಾಲೆಂಡರು ಪಕ್ಕಕ್ಕಿಟ್ಟು, "ಇದ್ ತೆಪ್ಪಾಯ್ತಲ್ಲ ನಂಜಯ್ಯ, ಅಲ್ಲಿ ಒಂದೇ ಸಮಾ ಅವೆ" ಅಂತ ನನಗೆ ಪಾಠ ಹೇಳಿದರು! ಅಳಿಸಿ ಏಣಿಯನ್ನೇ ಮಾಡಿದೆ. ಮರದ ಚಕ್ಕೆಗೆ ಹೊಂಬಣ್ಣ ಬಳಿದು ಮೆಟ್ಟಿಲು ಅಂತ ಅಂಟಿಸಿದೆ. ದಾರ ಕಟ್ಟಿದೆ. ಕಡೆಗೆ ಯಾಳಿ. ನಮ್ಮದೇ ಯಾಳಿಯನ್ನು, ನೀನು ನಕಲು ಮಾಡಿದ್ದನ್ನು ನೋಡಿ, ನಾನು ನಕಲು ಮಾಡಿದೆ. ಅದೊಂದು ಮಾತ್ರ ಹಲಸಿನದು, ಅದನ್ನು ಕಾಗದದಲ್ಲಿ ಮಾಡಲು ಕೈ ಬರಲಿಲ್ಲ.

ಮದುವೆಗೆ ನಾನೇ ಹೊತ್ತುಕೊಂಡು ಹೋಗಿದ್ದೆ. ಚಪ್ಪರದಲ್ಲಿ ವೀಣೆಯ ಬಟ್ಟೆ ತೆಗೆದ ಕೂಡಲೇ ಜನ ಮುಗಿಬಿದ್ದರು. ಬಾಗೂರಿನಿಂದ ಬಂದಿದ್ದ ಬೀಗರಂತೂ ಅದೇ ವೀಣೆಯನ್ನು ಮದ್ರಾಸಿನಿಂದ ತರಿಸಿದ್ದಾರೆ ಅಂತಲೇ ನಂಬಿದರು. ಅನಂತಮತಿ ಒಳ್ಳೆಯ ಹುಡುಗಿ, ಬೆರಳಿನಿಂದ ಒಂದು ಸಲ ಮೀಟಿ ನೋಡಿದಳು. ಏನೋ ಸದ್ದು ಬಂತಂತೆ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಆಮೇಲೆ ಮುಖ ಸಣ್ಣದು ಮಾಡಿಕೊಂಡು ನನ್ನನ್ನೇ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಚಂದ್ರನಾಥಯ್ಯನವರು ಸಭೆಯ ಮಧ್ಯೆ ಕರೆದು ನನಗೆ ಶಾಲು ಹೊದಿಸಿದರು. ನಲವತ್ತು ವರ್ಷದಲ್ಲಿ ಜೀವ ಇರುವ ಎಷ್ಟು ವೀಣೆ ಮಾಡಿದೆ, ಒಬ್ಬರೂ ಒಂದು ಟವಲು ಹೊದಿಸಲಿಲ್ಲ. ಈ ಹೆಣ ಸಿಂಗಾರ ಮಾಡಿದ್ದಕ್ಕೆ ಶಾಲು. ಅದನ್ನು ಬಸ್ಸಿನಲ್ಲೇ ಬಿಟ್ಟು ಬರೋಣ ಅಂತಿದ್ದೆ, ಚಳಿಗಾಲಕ್ಕೆ ನಿಮ್ಮಮ್ಮನಿಗೆ ಆಗುತ್ತದೆ ಅಂತ ತಂದೆ.

ನೀನು ಮನೆ ಬಿಟ್ಟುಹೋದ ದಿನ ಅಂದದ್ದು ನನಗೆ ನೆನಪಿದೆ. ರುದ್ರಪಟ್ಟಣದ ಹಿರಿಯ ವಿದ್ವಾಂಸರ ವೀಣೆಗೆ ಮೊದಲ ಸಲ ನೀನೊಬ್ಬನೇ ಮೇಣ ಕಟ್ಟಿ ಮೆಟ್ಟಿಲು ಕೂರಿಸಿದ್ದೆ. ಹತ್ತನೆಯದು ಅಪಸ್ವರ ಅಂತ ಅವರ ಎದುರಿಗೇ ನಾನು ಕಾದ ಸಲಾಕೆಯಿಂದ ಮೇಣ ಕರಗಿಸಿ ಕಿತ್ತು ಬೇರೆ ಕಡೆ ಕೂರಿಸಿದೆ, ಕಿವಿ ಇಲ್ಲದವನು ಹೋಗಿ ಮಂಚ ಮಾಡು ಅಂದೆ. ವಿದ್ವಾಂಸರು ಏನೋ ಹೇಳಲು ಬಂದರು, ನಾನು ಬಿಡಲಿಲ್ಲ. "ಕಿವೀನೇ ಬ್ಯಾಡ್ದಿದ್ ಕಡೆ ಓಯ್ತೀನಿ ಬುಡಪ್ಪ" ಅಂದು ನೀನು ಹೋದೆ. ಹೇಳಿದ ಹಾಗೇ ಮಾಡಿದೆ. ಟಾಕಿಯ ವೀಣೆಗೆ ಏಣಿಯ ಮೆಟ್ಟಿಲು ಇಟ್ಟದ್ದು ನೀನು ನನಗೇ ಹಾಕಿದ ಏಟು ಅಂತ ನನಗೆ ಗೊತ್ತಾಗುತ್ತದೆ. ತಪ್ಪು ಕೆಲಸ ಕಂಡರೆ ತಿದ್ದುವುದು ತಂದೆಯ ಧರ್ಮ, ಅದರಲ್ಲಿ ನಾನು ಬದಲಾಗುವವನಲ್ಲ.

ಟೆಂಟು ನಾಳೆ ಕಿತ್ತು ಹೊಳೆನರಸೀಪುರಕ್ಕೆ ಹೋಗುತ್ತದೆ. ನಿಮ್ಮಮ್ಮನೂ ಮೊಮ್ಮಗನನ್ನು ನೋಡುವ ನೆಪದಲ್ಲಿ ಅದರ ಹಿಂದೆಯೇ ಹೊರಟಿದ್ದಾಳೆ. ಮೊಮ್ಮಗನಿಗೋ, ಯಾಳಿಗೋ ಅಂತ ನನಗೆ ಗೊತ್ತಿಲ್ಲವೇ. ಮೈಗೆ ಎಣ್ಣೆ ಹಾಕಿಕೊಂಡು ನೀರು ಹಾಕಿಕೋ ಅಂತ ಬರೆಯಲು ಹೇಳಿದಳು, ಬರೆದಿದ್ದೇನೆ. ನಿನಗೆ ಆಯುಸ್ಸು, ಆರೋಗ್ಯ ಇರಲಿ, ಕೈಗೆ ಮರ್ಯಾದೆಯ ಕೆಲಸ ಸಿಗಲಿ.

ಇಂತಿ ನಿಮ್ಮಪ್ಪ,
ನಂಜಯ್ಯ

ಮರೆತದ್ದು: ನಿಮ್ಮಮ್ಮ ನೀರಿಗೆ ಹೋಗಿದ್ದಾಳೆ, ಬರುವುದರೊಳಗೆ ಬರೆದು ಮುಗಿಸುತ್ತೇನೆ. ಪುಷ್ಯದಲ್ಲಿ ವಿದ್ವಾಂಸರು ಅದೇ ವೀಣೆಯನ್ನು ಹೊಸ ಮೇಣ ಕಟ್ಟಿಸಲು ತಂದು ಬಿಟ್ಟು ಹೋದರು. ಹಳೇ ಮೇಣ ತೆಗೆಯುವಾಗ ನೋಡಿದೆ. ಹತ್ತನೆಯ ಮೆಟ್ಟಿಲು ನಾನು ಕೂರಿಸಿದ ಕಡೆ ಇರಲಿಲ್ಲ, ನೀನು ಸೂಜಿಯಲ್ಲಿ ಗೀರಿದ ಗೆರೆಯ ಮೇಲೆ ಇತ್ತು. ಅವರೇ ಸರಿಸಿಕೊಂಡು ಮೂರು ವರ್ಷ ನುಡಿಸಿದ್ದಾರೆ, ನನಗೆ ನೋವಾದೀತು ಅಂತ ಬಾಯಿ ಬಿಟ್ಟಿಲ್ಲ. ಅವತ್ತು ನಿನ್ನ ಕಿವಿ ಸರಿ ಇತ್ತು, ಕೆಟ್ಟದ್ದು ನನ್ನದು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೊರಟಿದೆ. ನಿಮ್ಮಮ್ಮನಿಗೂ ಹೇಳಿಲ್ಲ. ನಾದ ಬೇಡದ ವೀಣೆ ಅನ್ನುವುದಕ್ಕೇ ನಾನು ಆ ಕೆಲಸ ಒಪ್ಪಿದ್ದು, ಹಿತ್ತಾಳೆಯ ಮಾತು ಸುಳ್ಳು. ವಿದ್ವಾಂಸರ ವೀಣೆ ಎರಡು ತಿಂಗಳಿಂದ ಮೆಟ್ಟಿಲಿಲ್ಲದೆ ಬರೀ ದಂಡಿಯಾಗಿ ಗೋಡೆಗೆ ಒರಗಿದೆ. ರಾಮನವಮಿಗೆ ಅವರ ಕಛೇರಿ. ಮೇಣ ಕುಟ್ಟಿ ಇಟ್ಟಿದ್ದೇನೆ, ಗೆರೆಗಳನ್ನು ಅಳಿಸಿಲ್ಲ. ನೀನು ಬಂದು ಮೆಟ್ಟಿಲು ಕೂರಿಸು, ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಸಲಾಕೆ ಕಾಯಿಸಿಕೊಡುತ್ತೇನೆ.