ಪಾಠಕ್ಕೆ ಒಯ್ದ ಬಲೆ

ಅಣ್ಣಾ,

ನಾನು ಪಾಸಾದೆ. ಹೆಡ್ಮಾಸ್ಟ್ರು ಈಗಷ್ಟೇ ಬಂದು ಹೇಳಿದರು. ಇಂಗ್ಲಿಷ್ ಕಲಿಸುವ ತರಬೇತಿಯ ಸರ್ಟಿಫಿಕೇಟ್ ತರಲು ಉಡುಪಿಗೆ ಹೊರಟಿದ್ದೇನೆ.

ಬಂಗುಡೆ ಸಾರು ಒಲೆಯ ಮೇಲೆ ಉಂಟು. ಅಮ್ಮನಿಗೆ ಊಟದ ನಂತರ ಮದ್ದು ಕೊಡು, ನಿನ್ನೆ ಮರೆತ ಹಾಗೆ ಮರೆಯಬೇಡ.

ಪರೀಕ್ಷೆಯ ದಿನ ಪರೀಕ್ಷಕರೆದುರು ನಮ್ಮ ಶಾಲೆಯಲ್ಲೇ ಮಾಡಿದ ಪಾಠದಲ್ಲಿ ಕನ್ನಡವಾಗಲಿ ತುಳುವಾಗಲಿ ಆಡುವಂತಿರಲಿಲ್ಲ. ಮಕ್ಕಳು ಬಾಯಿ ಬಿಡದೆ ಕುಳಿತರು. ನಿನ್ನನ್ನು ಕೇಳದೆ ಒಯ್ದಿದ್ದ ಬಲೆಯನ್ನು ಮೇಜಿನ ಮೇಲೆ ಹರಡಿದೆ. ಆಗ ನಿನ್ನ ಮಗಳು ಸುಗುಣ ತಾನಾಗಿ ಎದ್ದು, "ದಿಸ್ ಈಸ್ ಮೈ ಫಾದರ್ಸ್ ನೆಟ್" ಎಂದಳು. ಪರೀಕ್ಷಕರು ನಕ್ಕುಬಿಟ್ಟರು.

"ಮೀನು ಹಿಡಿಯುವವರ ಮಕ್ಕಳಿಗೆ ಇಂಗ್ಲಿಷ್ ಎಂತಕ್ಕೆ ಮಾರಾಯ್ತಿ" ಅಂತ ಇನ್ನು ಕೇಳಬೇಡ. ಸೋಮವಾರದಿಂದ ಐದನೇ ಕ್ಲಾಸಿನ ಇಂಗ್ಲಿಷ್ ನನ್ನದೇ. ಸುಗುಣಳಿಗೆ ಹೇಳು, ಶಾಲೆಯಲ್ಲಿ ನಾನು ಅತ್ತೆಯಲ್ಲ, ಟೀಚರ್.

ಸರಸ