ಹದಿನಾಲ್ಕನೇ ದಿನದ ಮಂಗಳ

28 ಜುಲೈ, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಉಪವಾಸ. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಪೂಜೆ ಮುಗಿಸಿದೆ. ಆಮೇಲೆ ಅತ್ತೆಯ ಮೈ ಒರೆಸಿ, ಸೀರೆ ಬದಲಿಸಿ, ಗೋಡೆಗೆ ಆನಿಸಿ ಕೂರಿಸಿದೆ. ಯುಗಾದಿಗೆ ಬಿದ್ದು ಟೊಂಕ ಮುರಿದಾಗಿನಿಂದ ಅವರಿಗೆ ಹಾಸಿಗೆಯೇ ಮನೆ.

ನಲವತ್ತು ವರ್ಷ ಮಠದ ಪುರಾಣ ತಪ್ಪಿಸಿದವರಲ್ಲ. ಪುರಾಣ ಶುರುವಾದ ದಿನದಿಂದ ಕೊನೆಯ ದಿನದ ಮಂಗಳದವರೆಗೆ ಒಂದೇ ಹೊತ್ತು ಊಟ — ಅದು ಅವರ ನೇಮ. ಗೋಕಾಕದ ಡಾಕ್ಟರು ಎರಡೂ ಹೊತ್ತು ಉಂಡು ಗುಳಿಗೆ ನುಂಗಬೇಕೆಂದು ಹೇಳಿದ್ದಾರೆ. ಅತ್ತೆ ‘ಮಂಗಳ ಆಗಲಿ’ ಎನ್ನುತ್ತಾರೆ. ಮಠಕ್ಕೆ ಹೊತ್ತುಕೊಂಡು ಹೋಗುವ ಹಾಗಿಲ್ಲ. ಪುರಾಣವನ್ನೇ ಮನೆಗೆ ತರಬೇಕಾಯಿತು.

ಶನಿವಾರ ಮೂಡಲಗಿಗೆ ಹೋಗಿ ಪ್ಲೇಯರ್ ತಂದೆ. ಅಂಗೈಯಲ್ಲಿ ಹಿಡಿಸುವಷ್ಟು. ಹಾಡು ತುಂಬುವ ಅಂಗಡಿ ಅಣ್ಣಪ್ಪನದು, ಮೊದಲು ಕ್ಯಾಸೆಟ್ ಮಾರುತ್ತಿದ್ದ. ಮಠದ ಶರಣ ಗುಡ್ಡದಜ್ಜನ ಪುರಾಣ ಬೇಕೆಂದೆ. ಯಾರದೋ ಕಾಪಿ ಇದೆ, ಪುಕ್ಕಟೆ ಹಾಕಿಕೊಡುತ್ತೇನೆ ಎಂದ. ಬೇಡ ಎಂದೆ. ಪುರಾಣ ಹೇಳಿದವರ ತಾಟಿಗೆ ದಕ್ಷಿಣೆ ಹಾಕದೆ ಎದ್ದು ಬರುವ ರೂಢಿ ನಮ್ಮಲ್ಲಿಲ್ಲ. ಹುಕ್ಕೇರಿಯ ಅನುರಾಧಾ ತಾಯಿಯವರು ಹೇಳಿದ್ದು ಅವರ ಆಶ್ರಮದ ಪೇಜಿನಲ್ಲೇ ಮಾರಾಟಕ್ಕಿತ್ತು. ಫೋನಿನಿಂದ ದುಡ್ಡು ಹಾಕಿ, ಡೌನ್‌ಲೋಡ್ ಮಾಡಿಸಿದೆ. ಇಪ್ಪತ್ತೊಂದು ಅಧ್ಯಾಯ. ಹದಿನೆಂಟನೆಯದಕ್ಕೆ ಕರೆಂಟ್ ಹೋಯಿತು. ಬರುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತೆ.

ದಿನಕ್ಕೊಂದರಂತೆ ಕೇಳುವುದು. ಇಂದು ಅಜ್ಜನ ತಾಯಿ ಮಗುವಿಗಾಗಿ ಬೇಡಿಕೊಂಡಳು. ಅಜ್ಜ ಹುಟ್ಟಿದ. ಒಳ್ಳೆಯ ದನಿ ಅನುರಾಧಾ ತಾಯಿಯವರದು.

29 ಜುಲೈ, ಮಂಗಳವಾರ

ಪಂಚಮಿ. ಎಳ್ಳುಂಡೆ, ಶೇಂಗಾ ಉಂಡೆ. ಅತ್ತೆ ಮುಟ್ಟಿ ನೋಡಿ ಇಟ್ಟರು, ಆ ಒಂದು ಹೊತ್ತಿನ ಊಟ ಆಗಿಹೋಗಿತ್ತು.

ಎರಡನೇ ದಿನಕ್ಕೇ ಅಜ್ಜನಿಗೆ ಗಡ್ಡ ಬಂದಿತ್ತು. ಊರ ಗೌಡನ ಜೊತೆ ವಾದಕ್ಕೆ ನಿಂತಿದ್ದ. ಬಾಲ್ಯ ಬಿಟ್ಟು ಹೇಳಿರಬೇಕು ಅಂದುಕೊಂಡೆ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು.

4 ಆಗಸ್ಟ್, ಸೋಮವಾರ

ಉಪವಾಸ. ಅತ್ತೆ ಸಂಜೆಯ ಗುಳಿಗೆ ಖಾಲಿ ಹೊಟ್ಟೆಯಲ್ಲೇ ನುಂಗಿ ಕಕ್ಕಿದರು. ಒಂದು ಬಟ್ಟಲು ಹಾಲಾದರೂ ಕುಡಿಯಿರಿ ಎಂದೆ. ತಲೆ ಅಲ್ಲಾಡಿಸಿದರು. ಮಂಗಳಕ್ಕೆ ಇನ್ನೂ ಹದಿಮೂರು ದಿನ. ತೋಳು ಹಿಡಿದರೆ ಎಲುಬು ಕೈಗೆ ಹತ್ತುತ್ತದೆ.

8 ಆಗಸ್ಟ್, ಶುಕ್ರವಾರ

ನಿನ್ನೆ ಅಜ್ಜನ ತಲೆ ನೆರೆತಿತ್ತು. ಇಂದು ತೊಟ್ಟಿಲಿಗೆ ಹಾಕಿ ಹೆಸರಿಟ್ಟರು! ನಗು ಬಂತು, ಆಮೇಲೆ ಹೆದರಿಕೆ. ಹಿತ್ತಲಿಗೆ ಹೋಗಿ ಅಣ್ಣಪ್ಪನಿಗೆ ಫೋನ್ ಹಚ್ಚಿದೆ. ಅವನು ಅಂಗಡಿಯ ಕಂಪ್ಯೂಟರ್ ನೋಡಿ ಹೇಳಿದ —

“ಆ ಡಬ್ಬಿಗೆ ಎಣಿಸಾಕ ಬರೂದಿಲ್ರಿ, ಅಕ್ಕಾರ. ಮುಂದ ಒಂದು ಅಂತ ಕಂಡದ್ದನ್ನೆಲ್ಲಾ ಒಂದ ಕಡೆ ನಿಲ್ಲಸ್ತೈತಿ. ಒಂದು ಆದ ಮ್ಯಾಲ ಹತ್ತು, ಹನ್ನೊಂದು, ಹಿಂಗ ಹತ್ತೊಂಬತ್ತರ ತನಕ. ಆಮ್ಯಾಲ ಎರಡು, ಇಪ್ಪತ್ತು, ಇಪ್ಪತ್ತೊಂದು. ಕಡೀಕ ಮೂರರಿಂದ ಒಂಬತ್ತು. ತಪ್ಪ ನಂದ, ತಗೊಂಡ ಬರ್ರಿ, ಸರಿ ಮಾಡಿ ಕೊಡತೀನಿ.”

ಡಬ್ಬಿಯ ಮೇಲೆ ಕಾಣುವುದು ಅದರದೇ ಸಾಲಿನ ನಂಬರ್. ನನಗೆ ಹೇಗೆ ಗೊತ್ತಾಗಬೇಕು.

ಬೆರಳು ಮಡಚಿ ಎಣಿಸಿದೆ. ಇಪ್ಪತ್ತೊಂದನೆಯದು, ಅಂದರೆ ಮಂಗಳದ್ದು, ಭಾನುವಾರವೇ ಬರುತ್ತದೆ. ಒಂದು ವಾರ ಮೊದಲು. ಸುಮ್ಮನಿದ್ದರೆ ಭಾನುವಾರ ರಾತ್ರಿಯಿಂದ ಅತ್ತೆ ಉಣ್ಣುತ್ತಾರೆ.

ಮೂಡಲಗಿಗೆ ಹೋಗಲಿಲ್ಲ.

10 ಆಗಸ್ಟ್, ಭಾನುವಾರ

ಮಂಗಳ ಆಯಿತು. ಆರತಿ ಬೆಳಗಿದೆ, ಕಾಯಿ ಒಡೆಸಿದೆ. ನಮ್ಮವರೂ ಮನೆಯಲ್ಲಿದ್ದರು. ಯಮಕನಮರಡಿಯ ಟ್ರಾನ್ಸ್‌ಪೋರ್ಟ್ ಆಫೀಸಿನ ಕೆಲಸ, ವಾರಕ್ಕೆ ಎರಡು ಸಲ ಬಂದು ಹೋಗುತ್ತಾರೆ. ಗೋಧಿ ಹುಗ್ಗಿ ಮಾಡಿದ್ದೆ. ಸಂಜೆ ಅತ್ತೆ ಒಂದೂವರೆ ಸೌಟು ಉಂಡರು. ಗುಳಿಗೆ ಹೊಟ್ಟೆಯಲ್ಲಿ ನಿಂತಿತು.

ಪ್ಲೇಯರನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ದೇವರ ಮುಂದೆ ಕೂತಾಗ ಏನೂ ಕೇಳಿಕೊಳ್ಳಲಿಲ್ಲ.

11 ಆಗಸ್ಟ್, ಸೋಮವಾರ

ಉಪವಾಸ. ಐದಕ್ಕೆ ಅತ್ತೆ ಡಬ್ಬಿ ಎಲ್ಲಿ ಎಂದು ಕೇಳಿದರು. ಪುರಾಣ ಮುಗಿಯಿತಲ್ಲ ಎಂದೆ.

“ಮಂಗಳ ಆತು. ಪುರಾಣ ಎಲ್ಲಿ ಮುಗೀತು? ಅಜ್ಜ ಇನ್ನ ಸಾಲಿಗೇ ಹೋಗಿಲ್ಲ.”

ಅವರ ದಿಂಬು ಸರಿ ಮಾಡತೊಡಗಿದೆ.

“ನಲವತ್ತು ವರ್ಷ ಕೇಳೇನವಾ ಚನ್ನವ್ವ. ಎರಡನೇ ದಿನ ಗಡ್ಡ ಬಂದಾಗನ ಗೊತ್ತಾತು.”

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೂಡಲಗಿ ತನಕ ಹೋಗಿ ತಂದವಳಿಗೆ ತಪ್ಪು ತಂದಿ ಅನ್ನಲೇನು ಎಂದರು. ಅಜ್ಜನ ಕಥೆ ಎಲ್ಲಿಂದ ಕೇಳಿದರೂ ಅಜ್ಜನದೇ ಅಂತ ಸಮಾಧಾನ ಮಾಡಿಕೊಂಡಿದ್ದರಂತೆ.

“ಮತ್ತ ನಿನ್ನಿ ಯಾಕ ಉಂಡ್ರಿ?”

“ನೀ ಹುಗ್ಗಿ ಮಾಡಿದ್ದಿ.”

ಶುಕ್ರವಾರವೇ ನನಗೆ ಗೊತ್ತಿತ್ತು ಎಂದು ಹೇಳಿಬಿಟ್ಟೆ. ಅತ್ತೆ ಇಂದು ಸಂಜೆ ತಾಟು ಬೇಡ ಎಂದರು. ಉಳಿದ ಏಳು ಕೇಳುವವರೆಗೆ ಒಂದೇ ಹೊತ್ತು. ಮಂಗಳ ಆಗಿದ್ದರೆ ಆಗಿದೆ ಎಂದು ಪುರಾಣ ಹೇಳಿದವರೇ ಹೇಳಬೇಕು, ಸೊಸೆ ಹೇಳಿದರೆ ನಡೆಯದಂತೆ.

ಟ್ರಂಕ್ ತೆಗೆದೆ. ಅಜ್ಜ ಶಾಲೆಗೆ ಹೋದ.

ಆಶ್ರಮಕ್ಕೆ ಫೋನ್ ಮಾಡಿದೆ. ಅನುರಾಧಾ ತಾಯಿಯವರಿಗೆ ಶ್ರಾವಣ ಪೂರ್ತಿ ಮೌನವಂತೆ, ಬರೆದು ಕೇಳಿದರೆ ಬರೆದು ಕೊಡುತ್ತಾರಂತೆ. ಪತ್ರ ಬರೆದೆ. ತಪ್ಪು ಡಬ್ಬಿಯದು, ಮುಚ್ಚಿಟ್ಟದ್ದು ನನ್ನದು ಎಂದೆ. ಅತ್ತೆಗೆ ಎಪ್ಪತ್ತೊಂಬತ್ತು, ಹಾಸಿಗೆ ಹಿಡಿದಿದ್ದಾರೆ. ಏಳು ದಿನದ ನೇಮ ಬಾಕಿ ಇದ್ದರೆ ನಾನು ಮಾಡುತ್ತೇನೆ, ಅವರು ಉಣ್ಣಬಹುದೇ? ಎರಡು ಸಲ ಹರಿದು ಮೂರನೆಯದು ಕಳಿಸಲು ಇಟ್ಟೆ.

12 ಆಗಸ್ಟ್, ಮಂಗಳವಾರ

ನಮ್ಮವರು ಕೆಲಸಕ್ಕೆ ಹೋಗುವಾಗ ಹುಕ್ಕೇರಿಯಲ್ಲಿ ಇಳಿದು ಪತ್ರ ಕೊಟ್ಟರು. ಉತ್ತರಕ್ಕೆ ಗುರುವಾರ ಬರ್ರಿ ಎಂದರಂತೆ ಆಶ್ರಮದವರು.

13 ಆಗಸ್ಟ್, ಬುಧವಾರ

ಅತ್ತೆಗೆ ಗೋಡೆಗೆ ಆನಿ ಕೂರುವುದೂ ಆಗಲಿಲ್ಲ. ಮಲಗಿದಲ್ಲೇ ಕಿವಿಯ ಬಾಜೂ ಪ್ಲೇಯರ್ ಇಟ್ಟೆ. ಅಜ್ಜ ದನ ಕಾಯುವ ಅಧ್ಯಾಯ. ತಾಯಿಯವರಿಗಿಂತ ಮೊದಲೇ ಅತ್ತೆಯ ತುಟಿಗಳು ಆಡುತ್ತಿದ್ದವು. ಗುಳಿಗೆ ಮತ್ತೆ ಹೊರಗೆ ಬಂತು. ನಾನೂ ಒಂದೇ ಹೊತ್ತು ಉಂಡೆ. ಅದರಿಂದ ಅವರ ಹೊಟ್ಟೆಗೆ ಏನಾದೀತು.

14 ಆಗಸ್ಟ್, ಗುರುವಾರ, ಮಧ್ಯಾಹ್ನ ಮೂರು

ಭಾನುವಾರದವರೆಗೆ ಹೀಗೆ ತಡೆಯುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿದ್ದೆ, ಹೊಟ್ಟೆಗೆ ಹೋಗದಿದ್ದರೆ ಅಡ್ಮಿಟ್ ಎಂದರು.

ಅತ್ತೆಗೆ ಓದು ಬಾರದು. ಉತ್ತರ ಬಂದರೆ ಮಠದ ಸ್ವಾಮಿಗಳ ಹತ್ತಿರ ಓದಿಸೋಣವೇ ಎಂದು ನಾನೇ ಕೇಳಿದೆ. ಬರೆಯದ್ದನ್ನು ಓದಿಬಿಟ್ಟೇನು ಎಂದು ನನ್ನ ಮೇಲೆ ನನಗೇ ಭರವಸೆ ಇರಲಿಲ್ಲ.

“ಬ್ಯಾಡ. ನೀನ ಓದು. ನೀ ಓದಿದಂಗ ನಾ ಕೇಳತೀನಿ.”

ಒಲೆಯ ಮುಂದೆ ಬಂದು ಕೂತೆ. ನುಚ್ಚು ಗಂಜಿ ತೆಳ್ಳಗೆ ಮಾಡಿ ಮುಚ್ಚಿಟ್ಟಿದ್ದೇನೆ. ಬೂದಿಯ ಮೇಲೆ ಬೆಚ್ಚಗಿರುತ್ತದೆ.

ನಮ್ಮವರು ನಾಲ್ಕಕ್ಕೆ ಬಸ್ ಹತ್ತುತ್ತಾರೆ. ಈಗ ಫೋನ್ ಹಚ್ಚಿ ಹೇಳಬೇಕು — ಮಳೆ ಇರಲಿ, ಬಸ್ ತಪ್ಪಲಿ, ಹುಕ್ಕೇರಿಯಲ್ಲಿ ಇಳಿದು ತಾಯಿಯವರ ಉತ್ತರ ತಗೊಂಡೇ ಬರ್ರಿ. ದಾರಿಯಲ್ಲಿ ಒಡೆಯಬೇಡಿ. ಏನು ಬರೆದಿದ್ದಾರೆ ಅಂತ ಫೋನಿನಲ್ಲೂ ಹೇಳಬೇಡಿ. ನೇರ ನನ್ನ ಕೈಗೇ ಕೊಡಿ.